ಯಾರು ತರಿಸಿದ ಸಾಮಾನು?

ಮದುವೆಯ ಮನೆಯಲ್ಲಿ ಮೊದಲು ಸಿದ್ಧವಾಗುವುದು ಚಪ್ಪರವಲ್ಲ, ಸಾಮಾನಿನ ಪಟ್ಟಿ. ಮನೆಯ ಹಿರಿಯರೊಬ್ಬರು ಕನ್ನಡಕವನ್ನೇರಿಸಿಕೊಂಡು ಕುಳಿತು, ಅಕ್ಕಿ ಇಷ್ಟು ಮೂಟೆ, ಬೇಳೆ ಇಷ್ಟು, ಬೆಲ್ಲ ಇಷ್ಟು ಎಂದು ಹೇಳುತ್ತ ಹೋಗುತ್ತಾರೆ, ಹುಡುಗನೊಬ್ಬ ಬರೆದುಕೊಳ್ಳುತ್ತಾನೆ. ಅನುಭವಸ್ಥರಾದ ಅಂಗಡಿಯ ಶೆಟ್ಟರಿಗೆ ಇಷ್ಟು ವಿವರವೂ ಬೇಕಾಗುವುದಿಲ್ಲ. "ಐನೂರು ಎಲೆಯ ಮದುವೆ, ಶೆಟ್ಟರೆ" ಎಂದರೆ ಸಾಕು. ಅರಿಸಿನದ ಕೊಂಬಿನಿಂದ ಹಿಡಿದು ಅಡಿಕೆಯವರೆಗೆ ಎಲ್ಲವೂ ಗಾಡಿಯಲ್ಲಿ ಬಂದಿಳಿಯುತ್ತದೆ. ತರಿಸುವ ಕೆಲಸ ಸುಲಭ. ಕಷ್ಟವೆಲ್ಲ ಮದುವೆ ಮುಗಿದ ಮಾರನೆಯ ದಿನದ್ದು. ಹಿತ್ತಲಿನಲ್ಲಿ ಪಾತ್ರೆಗಳ ರಾಶಿ ಬಿದ್ದಿರುತ್ತದೆ. ಅದರಲ್ಲಿ ಬಾಡಿಗೆಗೆ ತಂದುದು ಯಾವುದು, ನೆರೆಮನೆಯಿಂದ ಎರವಲು ತಂದುದು ಯಾವುದು, ಮನೆಯದೇ ಯಾವುದು? "ಸೀತಮ್ಮನವರೆ, ಆ ಹಿತ್ತಾಳೆಯ ಕೊಳದಪ್ಪಲೆ ನಮ್ಮದಲ್ಲವೆ?" ಎಂದು ಒಬ್ಬರು, "ಅಯ್ಯೋ, ಅದು ನಮ್ಮ ಅತ್ತೆಯವರ ಕಾಲದ್ದು ಕಣ್ರೀ" ಎಂದು ಇನ್ನೊಬ್ಬರು. ಪಾತ್ರೆಯ ಕಂಠದಲ್ಲಿ ಹೆಸರು ಕೊರೆಯಿಸಿದ್ದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ಲಿನಕ್ಸ್ ಎಂಬ ಕಾರ್ಯನಿರ್ವಾಹಕ ವ್ಯವಸ್ಥೆಯಲ್ಲಿ ತಂತ್ರಾಂಶಗಳನ್ನು ಗುಂಪುಗುಂಪಾಗಿ ತರಿಸುವ, ಹಾಗೆಯೇ ಗುಂಪುಗುಂಪಾಗಿ ಕಳುಹಿಸಿಬಿಡುವ ಏರ್ಪಾಡಿದೆ. ಅದರ ಮೂವತ್ತು ವರ್ಷಗಳ ಚರಿತ್ರೆಯೆಲ್ಲ ಈ ಹೆಸರು ಕೊರೆಯಿಸುವ ವಿದ್ಯೆಯನ್ನು ಕಲಿತ ಕಥೆಯೆಂದರೆ ತಪ್ಪಾಗಲಾರದು.

ಗಣಕಯಂತ್ರದ ಪರಿಚಯ ಅಷ್ಟಾಗಿ ಇಲ್ಲದ ವಾಚಕರಿಗಾಗಿ ಒಂದೆರಡು ಮಾತು. ಲಿನಕ್ಸಿನ ತಿರುಳನ್ನು 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆದು ಲೋಕಕ್ಕೆ ಬಿಟ್ಟನು. ಬರಿಯ ತಿರುಳಿನಿಂದ ಯಾರಿಗೂ ಪ್ರಯೋಜನವಿಲ್ಲ. ಅದರ ಸುತ್ತ ಸಾವಿರಾರು ತಂತ್ರಾಂಶಗಳನ್ನು ಕೂಡಿಸಿ, ಒಂದಕ್ಕೊಂದು ಹೊಂದಿಸಿ ಹಂಚತಕ್ಕ ಸಂಘ ಸಂಸ್ಥೆಗಳು ಹುಟ್ಟಿಕೊಂಡವು. ಅವು ಹಂಚುವ ಇಡಿಯ ವ್ಯವಸ್ಥೆಗೆ ವಿತರಣೆ ಎಂದು ಹೆಸರು. ವಿತರಣೆಯಲ್ಲಿ ಪ್ರತಿಯೊಂದು ತಂತ್ರಾಂಶವೂ ಪ್ಯಾಕೇಜು ಎಂಬ ಗಂಟಿನ ರೂಪದಲ್ಲಿರುತ್ತದೆ. ಗಂಟಿನೊಳಗೆ ಕಡತಗಳು, ಗಂಟಿನ ಮೇಲೆ ಒಂದು ಚೀಟಿ. ಚೀಟಿಯಲ್ಲಿ ಪ್ಯಾಕೇಜಿನ ಹೆಸರು, ಆವೃತ್ತಿ, ಇದು ನಡೆಯಬೇಕಾದರೆ ಮತ್ತಾವ ಗಂಟುಗಳು ಮೊದಲು ಮನೆಯಲ್ಲಿರಬೇಕು ಎಂಬ ವಿವರ. ಈ ಕಡೆಯ ವಿವರಕ್ಕೇ ಅವಲಂಬನೆ ಎನ್ನುವುದು. ಡೆಬಿಯನ್ ಎಂಬ ಪ್ರಸಿದ್ಧ ವಿತರಣೆಯ 12ನೆಯ ಆವೃತ್ತಿ 2023ರ ಜೂನ್ ತಿಂಗಳಲ್ಲಿ ಹೊರಬಿದ್ದಾಗ ಅದರಲ್ಲಿದ್ದ ಪ್ಯಾಕೇಜುಗಳ ಸಂಖ್ಯೆ 64,419. ಇಷ್ಟು ಗಂಟುಗಳಲ್ಲಿ ತನಗೆ ಬೇಕಾದುದನ್ನು ಒಂದೊಂದಾಗಿ ಆಯ್ದುಕೊಳ್ಳಲು ಯಾರಿಗೆ ವ್ಯವಧಾನವಿದೆ? ಗುಂಪು ಬೇಕೇ ಬೇಕು.

ಆದಿಯಲ್ಲಿ ಗುಂಪು ಎಂದರೆ ನಿಜವಾಗಿಯೂ ಕೈಯಲ್ಲಿ ಹಿಡಿಯಬಹುದಾದ ಒಂದು ಕಟ್ಟಾಗಿತ್ತು. 1993ರ ಜುಲೈ ತಿಂಗಳಲ್ಲಿ ಪ್ಯಾಟ್ರಿಕ್ ವೋಲ್ಕರ್ಡಿಂಗ್ ಎಂಬಾತ ಸ್ಲ್ಯಾಕ್‌ವೇರ್ ಎಂಬ ವಿತರಣೆಯನ್ನು ಹೊರತಂದಾಗ ಅದು 24 ಫ್ಲಾಪಿ ತಟ್ಟೆಗಳಷ್ಟಿತ್ತು. ಅಂಗೈಯಗಲದ ಆ ಒಂದೊಂದು ತಟ್ಟೆಯೂ 1.44 ಮೆಗಾಬೈಟನ್ನು ಮಾತ್ರ ಹಿಡಿಯುತ್ತಿತ್ತು. ವಿತರಣೆ ಬೆಳೆದಂತೆ ತಟ್ಟೆಗಳ ಸಾಲುಗಳಿಗೆ ಅಕ್ಷರಗಳ ಹೆಸರು ಬಂತು. 'ಎ' ಎಂದರೆ ಮೂಲ ವ್ಯವಸ್ಥೆ, 'ಎನ್' ಎಂದರೆ ಜಾಲಕ್ಕೆ ಸಂಬಂಧಪಟ್ಟುದು, 'ಎಕ್ಸ್' ಎಂದರೆ ಚಿತ್ರಮಯ ಪರದೆ, 'ವೈ' ಎಂದರೆ ಆಟಗಳು. ಆಟ ಬೇಡವಾದವನು 'ವೈ' ಸಾಲನ್ನು ಪೆಟ್ಟಿಗೆಯಲ್ಲಿಯೇ ಬಿಟ್ಟರಾಯಿತು. ಎಷ್ಟು ಸರಳ! ಒಂದು ತಟ್ಟೆ ಏಕಕಾಲದಲ್ಲಿ ಎರಡು ಸಾಲುಗಳಲ್ಲಿ ಇರಲಾರದು. ಆದ್ದರಿಂದ ಇದು ಯಾರದು ಎಂಬ ಜಗಳಕ್ಕೆ ಆಸ್ಪದವೇ ಇಲ್ಲ. 2022ರ ಫೆಬ್ರವರಿಯಲ್ಲಿ ಬಂದ ಸ್ಲ್ಯಾಕ್‌ವೇರಿನ 15ನೆಯ ಆವೃತ್ತಿಯಲ್ಲಿಯೂ ಈ ಅಕ್ಷರಸಾಲುಗಳು ಉಳಿದುಕೊಂಡಿವೆ. ತಟ್ಟೆಗಳು ಮಾತ್ರ ಮಾಯವಾಗಿವೆ. ಅವಲಂಬನೆಯನ್ನು ಲೆಕ್ಕ ಹಾಕುವ ಗೊಡವೆಗೆ ಸ್ಲ್ಯಾಕ್‌ವೇರಿನ ಸ್ವಂತ ಉಪಕರಣ ಇಂದಿಗೂ ಹೋಗಿಲ್ಲ. ಅದನ್ನು ಬಳಸುವವರಿಗೆ ಇದೇ ಒಂದು ಹೆಮ್ಮೆ!

ಉಳಿದವರು ಬೇರೆ ದಾರಿ ಹಿಡಿದರು. ಫ್ಲಾಪಿ ತಟ್ಟೆ ಹೋಗಿ ಜಾಲದ ಮೂಲಕ ಪ್ಯಾಕೇಜುಗಳು ಬರತೊಡಗಿದ ಮೇಲೆ ಗುಂಪು ಎಂಬುದು ಕಟ್ಟಾಗಿ ಉಳಿಯಲಿಲ್ಲ, ಪಟ್ಟಿಯಾಯಿತು. ಒಂದೇ ವಸ್ತು ಹತ್ತು ಪಟ್ಟಿಗಳಲ್ಲಿರಲು ಏನಡ್ಡಿ? ತೊಂದರೆಯ ಬೀಜ ಬಿದ್ದದ್ದು ಇಲ್ಲಿ.

ಪಟ್ಟಿಯನ್ನು ಎಲ್ಲಿ ಬರೆದಿಡಬೇಕು ಎಂಬ ವಿಷಯದಲ್ಲಿ ಎರಡು ಸಂಪ್ರದಾಯಗಳಾದವು. 1993ರ ಆಗಸ್ಟಿನಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ನಿನಲ್ಲಿ ಬಳಕೆಗೆ ಬಂದುದು ಮೆಟಾಪ್ಯಾಕೇಜು. ಇದೊಂದು ಸೋಜಿಗದ ಗಂಟು. ಬಿಚ್ಚಿ ನೋಡಿದರೆ ಒಳಗೆ ಏನೂ ಇಲ್ಲ! ಇರುವುದೆಲ್ಲ ಮೇಲಿನ ಚೀಟಿ. 'ನಾನು ಇರಬೇಕಾದರೆ ಇಂಥಿಂಥವರು ಇರಬೇಕು' ಎಂದು ಆ ಚೀಟಿ ಹೇಳುತ್ತದೆ. ಖಾಲಿ ಗಂಟನ್ನು ತರಿಸಿದರೆ ಅದರ ಹಿಂದೆಯೇ ಇಡಿಯ ಪರಿವಾರ ಬರುತ್ತದೆ. ಕನ್ನಡಿಗರಿಗೆ ಹತ್ತಿರದ ನಿದರ್ಶನವೇ ಇದೆ. ಡೆಬಿಯನ್ನಿನಲ್ಲಿ 'ಫಾಂಟ್ಸ್-ಇಂಡಿಕ್' ಎಂಬ ಮೆಟಾಪ್ಯಾಕೇಜು ಭಾರತೀಯ ಭಾಷೆಗಳ ಅಕ್ಷರಮಾದರಿಗಳಿಗೆಲ್ಲ ಒಡೆಯ. ಅದು ಕರೆಯುವವರಲ್ಲಿ ಒಬ್ಬ 'ಫಾಂಟ್ಸ್-ಕೆ.ಎನ್.ಡಿ.ಎ.' ಇದೂ ಖಾಲಿಯೇ. ಇದು ಕರೆಯುವುದು ಗುಬ್ಬಿ, ನವಿಲು, ಲೋಹಿತ್ ಎಂಬ ಮೂರು ಕನ್ನಡ ಅಕ್ಷರಮಾದರಿಗಳನ್ನು. ಎರಡಕ್ಕೆ ಹಕ್ಕಿಗಳ ಹೆಸರು. ಮೂರನೆಯದಕ್ಕೆ ಕೆಂಪು ಎಂಬರ್ಥದ ಸಂಸ್ಕೃತದ ಹೆಸರು. ಈ ಮೂರನೆಯದನ್ನು ಹೊರತಂದ ಕಂಪನಿಯ ಹೆಸರು ರೆಡ್ ಹ್ಯಾಟ್ ಎಂಬುದನ್ನು ನೆನೆದರೆ ನಾಮಕರಣ ಮಾಡಿದವರ ರಸಿಕತೆ ತಿಳಿದೀತು.

ಎರಡನೆಯ ಸಂಪ್ರದಾಯ ಅದೇ ರೆಡ್ ಹ್ಯಾಟ್ ಮನೆತನದ್ದು. ಅದರ ಪೋಷಣೆಯಲ್ಲಿ ಬೆಳೆದ ಫೆಡೋರ ಎಂಬ ವಿತರಣೆಯದೂ ಅದೇ. ಇಲ್ಲಿ ಗುಂಪು ಪ್ಯಾಕೇಜಲ್ಲ. ಭಂಡಾರದಲ್ಲಿ ಪ್ರತ್ಯೇಕವಾಗಿರುವ 'ಕಾಂಪ್ಸ್' ಎಂಬ ಕಡತದ ಒಂದು ಅಧ್ಯಾಯ. 'ಡೆವಲಪ್‌ಮೆಂಟ್ ಟೂಲ್ಸ್' ಎಂಬ ಗುಂಪನ್ನು ಕೇಳಿದರೆ ಉಪಕರಣವು ಆ ಕಡತವನ್ನು ತೆರೆದು, ಹೆಸರಿನ ಕೆಳಗೆ ಬರೆದಿರುವ ಜಿ.ಸಿ.ಸಿ., ಮೇಕ್ ಮೊದಲಾದುವನ್ನು ಓದಿಕೊಂಡು ತರುತ್ತದೆ. ಪಟ್ಟಿಯಲ್ಲಿ ಅಂತಸ್ತುಗಳೂ ಉಂಟು. ಕೆಲವು ಕಡ್ಡಾಯ, ಕೆಲವು ಬೇಡವೆನ್ನದಿದ್ದರೆ ತಾವಾಗಿ ಬರತಕ್ಕವು, ಕೆಲವು ಕೇಳಿದರೆ ಮಾತ್ರ, ಇನ್ನು ಕೆಲವು ಮತ್ತೊಂದು ಪ್ಯಾಕೇಜು ಮನೆಯಲ್ಲಿದ್ದರೆ ಮಾತ್ರ. ಗುಂಪುಗಳ ಗುಂಪಿಗೆ ಇಲ್ಲಿ ಪರಿಸರ ಎಂಬರ್ಥದ ಹೆಸರಿದೆ.

ವ್ಯಾಕರಣ ಓದಿದವರಿಗೆ ಇದನ್ನು ಕೇಳಿದೊಡನೆ ಪಾಣಿನಿಯ ನೆನಪಾಗದೆ ಇರದು. ಒಂದು ಸೂತ್ರ ಮೂವತ್ತು ಶಬ್ದಗಳಿಗೆ ಅನ್ವಯಿಸಬೇಕಾದಾಗ ಮೂವತ್ತನ್ನೂ ಸೂತ್ರದಲ್ಲಿ ತುರುಕುವ ಗೋಜಿಗೆ ಆತ ಹೋಗಲಿಲ್ಲ. ಮೊದಲಿನ ಶಬ್ದವನ್ನು ಹೇಳಿ 'ಆದಿ' ಎಂದು ಕೈಬಿಟ್ಟನು. ಪೂರ್ತಿ ಪಟ್ಟಿ ಗಣಪಾಠದಲ್ಲಿದೆ. ಸೂತ್ರ ಒಂದೆಡೆ, ಪಟ್ಟಿ ಇನ್ನೊಂದೆಡೆ. ಗಣಗಳಲ್ಲಿಯೂ ಎಣಿಸಿ ಮುಗಿಸಿದುವು ಕೆಲವು. ಲಕ್ಷಣ ಕಂಡಲ್ಲಿ ಹೊಸ ಶಬ್ದವನ್ನು ಸೇರಿಸಿಕೊಳ್ಳಬಹುದಾದ ಆಕೃತಿಗಣಗಳು ಕೆಲವು. ಈ ಎರಡನೆಯ ಬಗೆಯ ಪ್ರಸ್ತಾಪ ಮುಂದೆ ಬರುವುದಿದೆ. ಪಾಣಿನಿಗೆ ಇದ್ದ ಒಂದು ಸೌಕರ್ಯ ಮಾತ್ರ ಗಣಕದವರಿಗಿಲ್ಲ. ಶಬ್ದವನ್ನು ಗಣದಿಂದ ಕಿತ್ತು ಭಾಷೆಯಿಂದಲೇ ಹೊರಗೆ ಹಾಕು ಎಂದು ಆತನನ್ನು ಯಾರೂ ಕೇಳಲಿಲ್ಲ.

ಈಗ ಮಾರನೆಯ ದಿನದ ಪಾತ್ರೆಗಳ ರಾಶಿಗೆ ಬರೋಣ. ರೆಡ್ ಹ್ಯಾಟ್ ಬಳಗದಲ್ಲಿ ಬಹುಕಾಲ ಮೆರೆದ ಉಪಕರಣ ಯಮ್. ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ಸೇತ್ ವಿಡಾಲ್, ಮೈಕೇಲ್ ಸ್ಟೆನರ್ ಎಂಬಿಬ್ಬರು, ಹಿಂದಿನ ಯಪ್ ಎಂಬ ಉಪಕರಣವನ್ನು ತಿದ್ದಿ ಇದನ್ನು ಕಟ್ಟಿದರು. ಯಮ್‌ಗೆ ಗುಂಪೆಂದರೆ ಆ ಕ್ಷಣಕ್ಕೆ ಓದಿ ಮರೆಯುವ ಪಟ್ಟಿ. 'ಕ' ಗುಂಪನ್ನು ತಾ ಎಂದರೆ ಪಟ್ಟಿಯಲ್ಲಿದ್ದುದನ್ನು ತಂದಿತು. ಅಲ್ಲಿಗೆ ಕೆಲಸ ಮುಗಿಯಿತು. ಯಾವ ಪ್ಯಾಕೇಜು ಯಾವ ಗುಂಪಿನ ನಿಮಿತ್ತ ಬಂತು ಎಂಬ ನೆನಪು ಅದಕ್ಕೆ ಉಳಿಯುತ್ತಿರಲಿಲ್ಲ. ಹೀಗಿರುವಾಗ ಒಬ್ಬಾತ 'ಕ', 'ಖ' ಎರಡನ್ನೂ ತರಿಸಿ, ತರುವಾಯ 'ಖ' ಬೇಡವೆಂದನೆನ್ನಿ. ಯಮ್ 'ಖ' ಪಟ್ಟಿಯನ್ನು ತೆರೆದು, ಅದರಲ್ಲಿದ್ದುದನ್ನೆಲ್ಲ ತೆಗೆದುಹಾಕುತ್ತಿತ್ತು. ಅವುಗಳಲ್ಲಿ ಕೆಲವು 'ಕ' ಪಟ್ಟಿಯಲ್ಲಿಯೂ ಇದ್ದುವೆಂಬುದು ಅದಕ್ಕೆ ಲೆಕ್ಕಕ್ಕಿಲ್ಲ. ಆತನೇ ಹಿಂದೊಮ್ಮೆ ಪ್ರತ್ಯೇಕವಾಗಿ ತರಿಸಿಕೊಂಡಿದ್ದುದೂ ಅದರೊಡನೆಯೇ ಹೋಯಿತು. ಹೋದುದನ್ನು ಅವಲಂಬಿಸಿದ್ದ ಬೇರೆ ಪ್ಯಾಕೇಜುಗಳೂ ಹೋದುವು. ನೆರೆಮನೆಯ ಕೊಳದಪ್ಪಲೆ ಬಾಡಿಗೆ ಅಂಗಡಿಯ ಗಾಡಿ ಹತ್ತಿದಂತೆಯೇ ಸರಿ.

ಯಮ್ ಕರ್ತೃಗಳು ಇದನ್ನು ಮುಚ್ಚಿಡಲಿಲ್ಲ. ಎರಡು ಗುಂಪು ತಂದು ಒಂದನ್ನು ತೆಗೆದರೆ ಉಳಿಯುವುದು ಒಂದೇ ಗುಂಪನ್ನು ತಂದಾಗಿನ ಸ್ಥಿತಿಯಲ್ಲ ಎಂಬ ಎಚ್ಚರಿಕೆ ಅದರ ಕೈಪಿಡಿಯಲ್ಲಿಯೇ ಇದೆ. ಮತ್ತೊಂದು ಪ್ಯಾಕೇಜಿಗೆ ಬೇಕಾಗಿರುವುದನ್ನು ಮುಟ್ಟದಂತೆ ಮಾಡುವ ಒಂದು ಕೀಲಿಯನ್ನೂ ಇಟ್ಟಿದ್ದರು. ಮುಂದೆ ಯಮ್‌ಗೂ ಗುಂಪುಗಳ ನೆನಪನ್ನು ಕಲಿಸುವ ಪ್ರಯತ್ನ ನಡೆಯಿತು. ಆದರೆ ವಿಡಾಲ್ 2013ರ ಜುಲೈಯಲ್ಲಿ ಡರ್‌ಹಮ್ ನಗರದಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದಾಗ ಮೋಟಾರು ಬಡಿದು ತೀರಿಕೊಂಡನು. ಲಕ್ಷಾಂತರ ಯಂತ್ರಗಳಲ್ಲಿ ಆತನ ಕೆಲಸ ಆ ಹೊತ್ತಿಗೂ ನಡೆಯುತ್ತಲೇ ಇತ್ತು.

ಯಮ್‌ನ ಉತ್ತರಾಧಿಕಾರಿಯಾದ ಡಿ.ಎನ್.ಎಫ್. 2015ರ ಮೇ ತಿಂಗಳಲ್ಲಿ ಫೆಡೋರದ 22ನೆಯ ಆವೃತ್ತಿಯೊಡನೆ ಪಟ್ಟಕ್ಕೆ ಬಂತು. ಇದು ಹೆಸರು ಕೊರೆಯಿಸತಕ್ಕ ಉಪಕರಣ. ಪ್ರತಿಯೊಂದು ಪ್ಯಾಕೇಜಿನ ಎದುರಿಗೂ ಅದು ಏತಕ್ಕೆ ಬಂತೆಂಬ ಕಾರಣವನ್ನು ಇದು ದಾಖಲೆಯಲ್ಲಿ ಬರೆದಿಡುತ್ತದೆ: ಯಜಮಾನನೇ ಕೇಳಿ ತರಿಸಿದ್ದು, ಇನ್ನೊಂದಕ್ಕೆ ಆಸರೆಯಾಗಿ ಬಂದದ್ದು, ಗುಂಪಿನೊಡನೆ ಬಂದದ್ದು ಎಂದು. ಗುಂಪನ್ನು ತೆಗೆ ಎಂದಾಗ ಡಿ.ಎನ್.ಎಫ್. ಅನುಸರಿಸುವ ಧರ್ಮ ಇದು: ಮನೆಯಲ್ಲಿರುವ ಮತ್ತೊಂದು ಗುಂಪಿಗೂ ಸೇರಿದ್ದರೆ ಬಿಡು, ಯಜಮಾನ ತಾನಾಗಿ ತರಿಸಿದ್ದರೆ ಬಿಡು, ಉಳಿದುದನ್ನು ಮಾತ್ರ ತೆಗೆ. ಕಾರಣವನ್ನು ತಪ್ಪಾಗಿ ಬರೆದಿದ್ದರೆ ತಿದ್ದಲು ಮಾರ್ಕ್ ಎಂಬ ಆಜ್ಞೆಯುಂಟು. ಗುಂಪಿನೊಡನೆ ಬಂದುದನ್ನು ಇನ್ನು ಮೇಲೆ ಇದು ನನ್ನದೇ ಎಂದು ಘೋಷಿಸಿಬಿಡಬಹುದು. ಕಂಠದಲ್ಲಿ ಹೊಸದಾಗಿ ಹೆಸರು ಕೊರೆದಂತಾಯಿತು.

ಡೆಬಿಯನ್ ಕಡೆಯವರು ಇಷ್ಟರಲ್ಲಿ ಸುಮ್ಮನಿದ್ದರೆಂದಲ್ಲ. ಅವರ ಆಪ್ಟ್ ಎಂಬ ಉಪಕರಣ 1999ರ ಮಾರ್ಚಿನಲ್ಲಿ ಡೆಬಿಯನ್ 2.1ರೊಡನೆ ಬಂದುದು. ಅದರಲ್ಲಿ ಕಾರಣಗಳು ಎರಡೇ: ಕೇಳಿ ತರಿಸಿದ್ದು, ತಾನಾಗಿ ಬಂದದ್ದು. ತಾನಾಗಿ ಬಂದುದಕ್ಕೆ ಆಸರೆ ಬೇಡುವವರು ಯಾರೂ ಉಳಿಯದಿದ್ದರೆ ಅದು ಅನಾಥ. 'ಆಟೋರಿಮೂವ್' ಎಂಬ ಆಜ್ಞೆ ಅನಾಥಗಳನ್ನೆಲ್ಲ ಗುಡಿಸಿ ಹಾಕುತ್ತದೆ. ಕೇಳುವುದಕ್ಕೆ ಬಹು ಅಚ್ಚುಕಟ್ಟು. ಆದರೆ ಖಾಲಿ ಗಂಟಿನ ಸಂಪ್ರದಾಯದೊಡನೆ ಇದನ್ನು ಸೇರಿಸಿ ನೋಡಬೇಕು. ಒಬ್ಬರು 'ಫಾಂಟ್ಸ್-ಇಂಡಿಕ್' ತರಿಸಿಕೊಂಡಿದ್ದಾರೆ. ನವಿಲು ಅಕ್ಷರದ ವಿನ್ಯಾಸ ಅವರ ಕಣ್ಣಿಗೆ ಹಿಡಿಸಲಿಲ್ಲ. ಅದೊಂದನ್ನು ತೆಗೆ ಎನ್ನುತ್ತಾರೆ. ನವಿಲು ಇಲ್ಲದೆ 'ಫಾಂಟ್ಸ್-ಕೆ.ಎನ್.ಡಿ.ಎ.' ಇರಲಾರದು, ಅದು ಹೋಯಿತು. ಅದಿಲ್ಲದೆ 'ಫಾಂಟ್ಸ್-ಇಂಡಿಕ್' ಇರಲಾರದು, ಅದೂ ಹೋಯಿತು. ಖಾಲಿ ಗಂಟುಗಳು ತಾನೆ, ಹೋದರೆ ಹೋಗಲಿ ಎನ್ನಬಹುದು. ಆದರೆ ಗುಬ್ಬಿ, ಲೋಹಿತ್‌ಗಳು, ತೆಲುಗು ಬಂಗಾಳಿ ಮಲಯಾಳಗಳ ಅಕ್ಷರಗಳು ಬಂದುದು ಆ ಖಾಲಿ ಗಂಟುಗಳ ಮಾತಿನ ಮೇಲೆ. ಮಾತು ಕೊಟ್ಟವರು ಹೋದ ಮೇಲೆ ಇವರೆಲ್ಲ ಅನಾಥರ ಸಾಲಿಗೆ ಬೀಳುವ ಸಂಭವವಿದೆ. ಮುಂದೊಂದು ದಿನ ಜಾಗ ಸಾಲದೆಂದು ಆಟೋರಿಮೂವ್ ಮಾಡಿದರೆ, ಬೇರೆ ಅಕ್ಷರಮಾದರಿ ಇಲ್ಲದ ಯಂತ್ರದಲ್ಲಿ ಕನ್ನಡದ ಪತ್ರವೊಂದನ್ನು ತೆರೆದಾಗ ಕಾಣುವುದು ಅಕ್ಷರಗಳಲ್ಲ, ಸಾಲುಸಾಲಾಗಿ ಖಾಲಿ ಚೌಕಗಳು. ಒಂದು ಹಕ್ಕಿಯನ್ನು ಓಡಿಸಹೋಗಿ ತೋಟವೇ ಬರಿದಾಯಿತು!

ಈ ಅಪಾಯವನ್ನು ಕಂಡೇ ಆಪ್ಟ್‌ನವರು 'ಮೆಟಾಪ್ಯಾಕೇಜು' ಎಂಬ ವಿಭಾಗಕ್ಕೆ ಸೇರಿದ ಗಂಟುಗಳಿಗೆ ಒಂದು ವಿನಾಯಿತಿ ಕೊಟ್ಟರು. ಅಂಥ ಗಂಟು ನೇರವಾಗಿ ಕರೆತಂದವರನ್ನು ಅನಾಥರೆಂದು ಗುಡಿಸುವುದಿಲ್ಲ. ಬೇರೆ ವಿಭಾಗಗಳಲ್ಲಿರುವ ಖಾಲಿ ಗಂಟುಗಳಿಗೆ ಈ ರಕ್ಷೆಯಿಲ್ಲ. ಇನ್ನೊಂದು ಉಪಾಯವೂ ಉಂಟು. 'ಇರಲೇಬೇಕು' ಎನ್ನುವ ಬದಲು 'ಇದ್ದರೆ ಒಳ್ಳೆಯದು' ಎಂದು ಚೀಟಿಯಲ್ಲಿ ಬರೆಯುವುದು. ಶಿಫಾರಸು ಎಂಬ ಈ ಮೃದು ಸಂಬಂಧವಿದ್ದಲ್ಲಿ ಒಬ್ಬ ಸದಸ್ಯನನ್ನು ತೆಗೆದರೂ ಗುಂಪು ಉರುಳುವುದಿಲ್ಲ. ನೋಡುವುದಕ್ಕೆ ಒಂದು ಕ್ರಿಯಾಪದದ ವ್ಯತ್ಯಾಸ. ಪರಿಣಾಮ ಎಷ್ಟು ದೊಡ್ಡದು!

ಗುಂಪು ಉರುಳುವುದೆಂದರೇನೆಂಬುದನ್ನು ಜಗತ್ತು ಕಣ್ಣಾರೆ ಕಂಡದ್ದು 2021ರ ನವೆಂಬರಿನಲ್ಲಿ. ಗಣಕಗಳ ವಿಷಯವಾಗಿ ಯೂಟ್ಯೂಬಿನಲ್ಲಿ ಚಿತ್ರಗಳನ್ನು ಮಾಡಿ ಪ್ರಸಿದ್ಧನಾದ ಕೆನಡದ ಲಿನಸ್ ಸೆಬಾಸ್ಟಿಯನ್ ಎಂಬಾತ ಪಾಪ್ ಓ.ಎಸ್. ಎಂಬ ವಿತರಣೆಯಲ್ಲಿ, ಆಟಗಳಿಗೆ ಬೇಕಾದ ಸ್ಟೀಮ್ ಎಂಬ ಪ್ಯಾಕೇಜನ್ನು ತರಿಸಲು ಹೊರಟನು. ಆ ದಿನಗಳಲ್ಲಿ ಅವಲಂಬನೆಗಳು ಒಂದಕ್ಕೊಂದು ಹೊಂದದ ಸ್ಥಿತಿ ಭಂಡಾರದಲ್ಲಿ ಏರ್ಪಟ್ಟಿತ್ತು. ಸ್ಟೀಮ್ ಬರಬೇಕಾದರೆ ಕೆಲವನ್ನು ತೆಗೆಯಬೇಕಾಗುತ್ತದೆ ಎಂದು ಆಪ್ಟ್ ಒಂದು ಉದ್ದನೆಯ ಪಟ್ಟಿಯನ್ನು ತೋರಿಸಿತು. ಇಡಿಯ ಚಿತ್ರಮಯ ಪರದೆಗೆ ಒಡೆಯನಾದ 'ಪಾಪ್-ಡೆಸ್ಕ್‌ಟಾಪ್' ಎಂಬ ಮೆಟಾಪ್ಯಾಕೇಜೇ ಅದರಲ್ಲಿತ್ತು. ಮುಂದುವರಿಯಬೇಕಾದರೆ 'ಹೌದು, ನಾನು ಹೇಳಿದಂತೆ ಮಾಡು!' ಎಂಬರ್ಥದ ವಾಕ್ಯವನ್ನು ಅಕ್ಷರಶಃ ಬೆರಳಚ್ಚು ಮಾಡಬೇಕೆಂದು ಯಂತ್ರ ಕೇಳಿತು. ಆತ ಮಾಡಿದನು. ಯಂತ್ರವೂ ಹೇಳಿದಂತೆ ಮಾಡಿತು. ಪರದೆಯ ಚಿತ್ರವೆಲ್ಲ ಅಳಿಸಿಹೋಗಿ ಕಪ್ಪು ಹಲಗೆಯ ಮೇಲೆ ಬಿಳಿಯ ಅಕ್ಷರಗಳು ಮಾತ್ರ ಉಳಿದುವು.

ಎಚ್ಚರಿಕೆಯನ್ನು ಓದದವನದೇ ತಪ್ಪೆಂದು ಕೆಲವರು, ಒಂದು ಆಟಕ್ಕಾಗಿ ಮನೆಯನ್ನೇ ಕೆಡವಲು ಒಪ್ಪಿದ ಉಪಕರಣದ್ದು ತಪ್ಪೆಂದು ಕೆಲವರು ಬಹಳ ವಾದಿಸಿದರು. ಎರಡನೆಯ ವಾದದಲ್ಲಿಯೇ ತೂಕ ಹೆಚ್ಚು. ಒಂದು ವಸ್ತುವನ್ನು ತಾ ಎಂದವನು ನೂರು ವಸ್ತುಗಳನ್ನು ತೆಗೆ ಎಂದು ಹೇಳಿರಲಿಲ್ಲ. ಆಪ್ಟ್‌ನವರಿಗೂ ಇದು ಮನದಟ್ಟಾಗಿರಬೇಕು. ಅದೇ ತಿಂಗಳಲ್ಲಿ, ತೀರ ಅಗತ್ಯವೆಂದು ಗುರುತು ಪಡೆದ ಪ್ಯಾಕೇಜುಗಳನ್ನು ಈ ರೀತಿ ಒಂದು ವಾಕ್ಯದ ಬಲದಿಂದ ತೆಗೆಯಲಾಗದಂತೆ ಉಪಕರಣವನ್ನು ಬಿಗಿಮಾಡಿದರು.

ಆರ್ಚ್ ಎಂಬ ಮತ್ತೊಂದು ವಿತರಣೆಯ ಅನುಭವ ಇದಕ್ಕೆ ವಿಲೋಮವಾದುದು. ಅಲ್ಲಿ ಗುಂಪಿನ ಪಟ್ಟಿ ಒಂದೆಡೆ ಇರುವುದಿಲ್ಲ. ನಾನು ಇಂಥ ಗುಂಪಿನವನು ಎಂದು ಪ್ರತಿಯೊಂದು ಪ್ಯಾಕೇಜೂ ತನ್ನ ಚೀಟಿಯಲ್ಲಿ ಬರೆದುಕೊಂಡಿರುತ್ತದೆ. ಗುಂಪನ್ನು ತರಿಸಿದ ದಿನ ಯಾರು ಯಾರು ಸದಸ್ಯರೋ ಅವರು ಬರುತ್ತಾರೆ. ಮುಂದಿನ ವರ್ಷ ಗುಂಪಿಗೆ ಹೊಸ ಸದಸ್ಯ ಸೇರಿದರೆ ಆತ ತಾನಾಗಿ ಬರುವುದಿಲ್ಲ. 'ಬೇಸ್' ಎಂಬ ಮೂಲ ಗುಂಪು ಹೀಗೆಯೇ ಇತ್ತು. ಇದರಿಂದ ಒಬ್ಬರ ಯಂತ್ರದ ಮೂಲಕ್ಕೂ ಇನ್ನೊಬ್ಬರದಕ್ಕೂ ಹೊಂದಿಕೆಯೇ ಇಲ್ಲದಂತಾಯಿತು. 2019ರ ಅಕ್ಟೋಬರಿನಲ್ಲಿ ಆ ಗುಂಪನ್ನು ರದ್ದುಗೊಳಿಸಿ, ಅದೇ ಹೆಸರಿನ ಮೆಟಾಪ್ಯಾಕೇಜನ್ನು ಎಲ್ಲರೂ ಹಾಕಿಕೊಳ್ಳಬೇಕೆಂದು ಪ್ರಕಟಿಸಿದರು. ಹೊಸ 'ಬೇಸ್'ನಲ್ಲಿ ಲಿನಕ್ಸಿನ ತಿರುಳೂ ಇರಲಿಲ್ಲ, ಬರೆಯಲು ಒಂದು ಸಂಪಾದಕ ತಂತ್ರಾಂಶವೂ ಇರಲಿಲ್ಲ. ಹಳೆಯ ಅಭ್ಯಾಸದಂತೆ 'ಬೇಸ್' ಒಂದನ್ನೇ ತರಿಸುವವರು ಇನ್ನು ತಿರುಳನ್ನು ಪ್ರತ್ಯೇಕವಾಗಿ ಕೇಳಿ ಪಡೆಯಬೇಕಾಯಿತು. ಹೆಸರು ಹಳೆಯದು, ಅರ್ಥ ಹೊಸದು. ಭಾಷಾಶಾಸ್ತ್ರದಲ್ಲಿ ಶತಮಾನಗಳು ಹಿಡಿಯುವ ಅರ್ಥಪಲ್ಲಟ ಇಲ್ಲಿ ಒಂದೇ ದಿನದಲ್ಲಿ ನಡೆದುಹೋಯಿತು.

ಕನ್ನಡಕ್ಕೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನು ಹೇಳದೆ ಬಿಡುವಂತಿಲ್ಲ. ಫೆಡೋರದ ಕಾಂಪ್ಸ್ ಕಡತದಲ್ಲಿ 'ಕನ್ನಡ ಸಪೋರ್ಟ್' ಎಂಬ ಗುಂಪೊಂದು ಇತ್ತು. ಕನ್ನಡಕ್ಕೆ ಬೇಕಾದ ಅಕ್ಷರಮಾದರಿ, ಬರೆಯುವ ಸಾಧನ ಮೊದಲಾದುವು ಅದರಲ್ಲಿ ಸೇರಿದ್ದುವು. ಗುಂಪಿನ ದೋಷವೆಲ್ಲ ಇಲ್ಲಿಯೂ ಇತ್ತು. ಇಂದು ಕನ್ನಡದ ಗುಂಪನ್ನು ತರಿಸಿದವನು ಆರು ತಿಂಗಳ ಮೇಲೆ ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶವನ್ನು ತರಿಸಿದರೆ, ಅದರ ಕನ್ನಡದ ಭಾಗ ಅದರೊಡನೆ ಬರಬೇಕೆಂದು ಪಟ್ಟಿಗೆ ಹೇಗೆ ತಿಳಿಯಬೇಕು? 2016ರಲ್ಲಿ ಫೆಡೋರದ 24ನೆಯ ಆವೃತ್ತಿಯಲ್ಲಿ ಭಾಷೆಗಳ ಏರ್ಪಾಡನ್ನೇ ಬದಲಾಯಿಸಿದರು. ಈಗ 'ಲ್ಯಾಂಗ್‌ಪ್ಯಾಕ್ಸ್-ಕೆ.ಎನ್.' ಎಂಬ ಒಂದು ಪುಟ್ಟ ಮೆಟಾಪ್ಯಾಕೇಜು ಇದೆ. ಸ್ವಾರಸ್ಯವಿರುವುದು ಅದರಲ್ಲಲ್ಲ, ಲಿಬ್ರೆಆಫೀಸಿನ ಕನ್ನಡದ ಪ್ಯಾಕೇಜು ತನ್ನ ಚೀಟಿಯಲ್ಲಿ ಬರೆದುಕೊಂಡಿರುವ ಮಾತಿನಲ್ಲಿ. ಲಿಬ್ರೆಆಫೀಸೂ ಲ್ಯಾಂಗ್‌ಪ್ಯಾಕ್ಸ್-ಕೆ.ಎನ್. ಕೂಡ ಎಲ್ಲಿ ಒಟ್ಟಿಗೆ ಕಂಡುಬರುತ್ತವೆಯೋ ಅಲ್ಲಿ ನಾನೂ ಇರತಕ್ಕವನು ಎಂಬುದು ಅದರ ತಾತ್ಪರ್ಯ. ಪಟ್ಟಿ ಬರೆದವರು ಯಾರೂ ಇಲ್ಲ. ಲಕ್ಷಣ ಕಂಡಲ್ಲಿ ಸದಸ್ಯ ತಾನೇ ಬಂದು ಸೇರುತ್ತಾನೆ. ಗಣಪಾಠದವರು ಆಕೃತಿಗಣವೆಂದುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆಯನ್ನು ಯಂತ್ರಲೋಕದಲ್ಲಿ ಹುಡುಕುವುದು ಕಷ್ಟ.

ಇಂಥ ಯಂತ್ರವನ್ನು ಇಟ್ಟುಕೊಂಡವರು ಯಾವ ಗುಂಪನ್ನಾದರೂ ತೆಗೆಯುವ ಮುನ್ನ ಒಂದೆರಡು ನಿಮಿಷ ವ್ಯಯಮಾಡಬಹುದು. ಡಿ.ಎನ್.ಎಫ್.ನಲ್ಲಿ 'ಗ್ರೂಪ್ ಇನ್ಫೋ' ಎಂದರೆ ಗುಂಪಿನ ಸದಸ್ಯರೆಲ್ಲರ ಹೆಸರೂ ಅಂತಸ್ತಿನೊಡನೆ ಬರುತ್ತದೆ. ಆಪ್ಟ್‌ನಲ್ಲಿ, ನಿಜವಾಗಿ ಏನನ್ನೂ ಮಾಡದೆ ಮಾಡಿದರೆ ಏನಾದೀತೆಂಬುದನ್ನು ಮಾತ್ರ ತೋರಿಸುವ 'ಸಿಮ್ಯುಲೇಟ್' ಎಂಬ ಸೌಕರ್ಯವಿದೆ. ಕೇಳಿ ತರಿಸಿದ್ದು ಯಾವುದೆಂದು 'ಆಪ್ಟ್-ಮಾರ್ಕ್ ಷೋಮ್ಯಾನ್ಯುಯಲ್' ಹೇಳುತ್ತದೆ. ಗುಬ್ಬಿಯನ್ನು ಉಳಿಸಿಕೊಳ್ಳಬೇಕೆಂದಿದ್ದರೆ 'ಆಪ್ಟ್-ಮಾರ್ಕ್ ಮ್ಯಾನ್ಯುಯಲ್' ಎಂದು ಬರೆದು ಅದರ ಪ್ಯಾಕೇಜಿನ ಹೆಸರನ್ನು ಸೇರಿಸಬೇಕು. ಆಮೇಲೆ ನವಿಲನ್ನು ಕಳುಹಿಸಬಹುದು.